ಹೆಸರಿಲ್ಲದ ಫೀಡ್‌ಬ್ಯಾಕ್ ಫಾರ್ಮ್ ಹಾಕಿದ್ರೆ ಟೀಮ್‌ನೋರು ಬಾಯಿ ಬಿಡ್ತಾರಾ?

ಬೆಳ್ಳಂದೂರು ಬಸ್‌ಪಾಸ್
ಎಲ್ರಿಗೂ ನಮಸ್ಕಾರ. ಒಂದು ಸಾಫ್ಟ್‌ವೇರ್ ಕಂಪನೀಲಿ ಟೀಮ್ ಲೀಡ್ ನಾನು, ಒಂಬತ್ತು ಜನರ ಟೀಮ್. ಮೀಟಿಂಗಲ್ಲಿ "ಯಾರಿಗಾದ್ರೂ ಏನಾದ್ರೂ ತೊಂದ್ರೆ ಇದ್ಯಾ" ಅಂದ್ರೆ ಎಲ್ರೂ ಮ್ಯೂಟು. ಕಾಲ್ ಮುಗಿದು ಕೆಳಗಡೆ ಟೀ ಅಂಗಡಿ ಹತ್ರ ಹೋದ್ರೆ ಅಲ್ಲಿ ಶುರು ರಾಮಾಯಣ. ಎಷ್ಟೋ ಸಲ ಬಗ್ ಇದೆ ಅಂತ ಮೊದ್ಲೇ ಗೊತ್ತಿದ್ದು ಯಾರೂ ಹೇಳದೆ, ರಿಲೀಸ್ ಆದ್ಮೇಲೆ ಕ್ಲೈಂಟೇ ಕಂಡುಹಿಡಿದಿದ್ದಾನೆ.

ಅದಕ್ಕೆ ಒಂದು ಗೂಗಲ್ ಫಾರ್ಮ್ ಮಾಡಿ ಹಾಕ್ದೆ, ಹೆಸರು ಬೇಡ, ಏನ್ ಬೇಕಾದ್ರೂ ಬರೀರಿ ಅಂತ. ಡೆಲಿವರಿ ಮ್ಯಾನೇಜರ್ "ಒಳ್ಳೆ ಐಡಿಯಾ, ಶೀಟ್ ನಂಗೂ ಶೇರ್ ಮಾಡು" ಅಂದ್ರು. ಒಂದು ಉತ್ತರ ಹೀಗಿತ್ತು: "ರಿಲೀಸ್ ಡೇಟ್ ನಮ್ಮನ್ನ ಕೇಳ್ದೆ ಕ್ಲೈಂಟ್‌ಗೆ ಒಪ್ಕೋತಾರೆ, ಆಮೇಲೆ ಶನಿವಾರ ಭಾನುವಾರ ನಾವು ಕೂರ್ಬೇಕು. ಆಗಲ್ಲ ಅಂದ್ರೆ ನೆಗೆಟಿವ್ ಆಗ್ಬೇಡಿ ಅಂತ ಬಾಯಿ ಮುಚ್ಚಿಸ್ತಾರೆ." ಇದು ನೇರವಾಗಿ ಅವರ ಬಗ್ಗೇನೇ. ಈಗ ಅವರು "ಇದು ಯಾರು ಬರೆದಿದ್ದು ನೋಡಿ ಹೇಳು, ಸುಮ್ನೆ ಮಾತಾಡ್ಬೇಕು ಅಷ್ಟೇ" ಅಂತಿದ್ದಾರೆ. ಏನ್ ಮಾಡ್ಲಿ? ಇನ್ನೊಂದು, ಈ ಥರ ಫಾರ್ಮ್‌ಗಳಿಂದ ನಿಜವಾಗ್ಲೂ ಜನಕ್ಕೆ ಧೈರ್ಯ ಬರುತ್ತಾ, ಇಲ್ಲ ಇದ್ದ ನಂಬಿಕೇನೂ ಹೋಗುತ್ತಾ?

ಮೂಲೆ ಸೀಟು
"ಸುಮ್ನೆ ಮಾತಾಡ್ಬೇಕು" ಅನ್ನೋದು ಎಷ್ಟು ಸುಮ್ನೆ ಅಂತ ಅಪ್ರೈಸಲ್ ಟೈಮಲ್ಲಿ ಗೊತ್ತಾಗುತ್ತೆ ಗುರು 😂

ಧಾರವಾಡ ಫೇಡೆ
ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ರಿ, ನಿಮ್ಮ ಮ್ಯಾನೇಜರ್ ಕಥಿ ಅದ ಆತು. ಒಂಬತ್ತು ಮಂದ್ಯಾಗ ಒಬ್ಬಾಂವ ಖರೇ ಹೇಳ್ಯಾನ, ಅಂವನ್ನ ಹುಡುಕಾಕ ಹತ್ಯಾರ. ಶನಿವಾರ ಕೆಲಸಕ್ಕ ಕರಿಯೂದು ಬಿಟ್ರ ಮುಗೀತಲ್ರಿ, ಹುಡುಕೂದು ಯಾಕ ಬೇಕು?

ಕೋಡ್ ಕಟ್ಟೆ
ಮೊದ್ಲು ಟೆಕ್ನಿಕಲ್ ಉತ್ತರ. ಫಾರ್ಮ್ ಸೆಟ್ಟಿಂಗ್ಸಲ್ಲಿ ಇಮೇಲ್ ಕಲೆಕ್ಟ್ ಮಾಡೋದನ್ನ ಆಫ್ ಇಟ್ಟಿದ್ರೆ ಯಾರು ಬರೆದಿದ್ದು ಅಂತ ನಿಮಗೆ ಕಾಣಲ್ಲ, ಹಾಗಾಗಿ "ಗೊತ್ತಾಗಲ್ಲ ಸರ್" ಅಂತ ಧೈರ್ಯವಾಗಿ ಹೇಳಿ, ಸುಳ್ಳಲ್ಲ. ಒಬ್ರಿಗೆ ಒಂದೇ ಉತ್ತರ ಅಂತ ಸೆಟ್ ಮಾಡಿದ್ರೆ ಲಾಗಿನ್ ಕೇಳುತ್ತೆ, ಆದ್ರೆ ಅದ್ರಿಂದಾನೂ ಇಮೇಲ್ ಶೀಟ್‌ಗೆ ಬರಲ್ಲ. ಆದ್ರೆ ತುಂಬೋನಿಗೆ ಫಾರ್ಮ್ ಮೇಲ್ಗಡೆ ಅವನ ಇಮೇಲ್ ಐಡಿ ಕಾಣಿಸುತ್ತಲ್ಲ, ಪಕ್ಕದಲ್ಲಿ ಶೇರ್ ಆಗಿಲ್ಲ ಅಂತ ಸಣ್ಣಕ್ಷರದಲ್ಲಿ ಇದ್ರೂ ಯಾರೂ ಅದನ್ನ ಓದಲ್ಲ, ತನ್ನ ಐಡಿ ನೋಡಿದ ತಕ್ಷಣ "ಎವ್ರಿಥಿಂಗ್ ಈಸ್ ಗುಡ್" ಅಂತ ಬರೆದು ಕಳಿಸಿಬಿಡ್ತಾನೆ. ಟೈಮ್‌ಸ್ಟ್ಯಾಂಪ್ ಮಾತ್ರ ಶೀಟಲ್ಲಿ ಬರುತ್ತೆ, ಅದು ಡೇಂಜರ್. ರಾತ್ರಿ ಹನ್ನೊಂದೂವರೆಗೆ ಆನ್‌ಲೈನ್ ಇದ್ದೋನು ಯಾರು ಅಂತ ಲೆಕ್ಕ ಹಾಕೋದು ಕಷ್ಟ ಅಲ್ಲ.

ಮೂಲೆ ಸೀಟು
ಟೈಮ್‌ಸ್ಟ್ಯಾಂಪ್ ಯಾಕೆ, ಇಂಗ್ಲಿಷ್ ನೋಡಿದ್ರೆ ಸಾಕು. ನಮ್ಮ ಹಳೇ ಟೀಮಲ್ಲಿ ಒಬ್ಬ ಪ್ರತಿ ವಾಕ್ಯ ಆದ್ಮೇಲೂ ಮೂರು ಚುಕ್ಕಿ ಹಾಕ್ತಿದ್ದ, ಇನ್ನೊಬ್ರು ಎಲ್ಲಾದಕ್ಕೂ "ಕೈಂಡ್ಲಿ". ಸರ್ವೆ ಕಾಮೆಂಟ್ಸ್ ಸ್ಕ್ರೀನ್ ಮೇಲೆ ಹಾಕಿದ್ರು, "ಕೈಂಡ್ಲಿ ಇಂಪ್ರೂವ್ ದಿ ಮ್ಯಾನೇಜರ್..." ಅಂತ ಬಂತು, ಇಡೀ ರೂಮ್ ಇಬ್ಬರನ್ನೂ ತಿರುಗಿ ನೋಡ್ತು.

ಎಚ್‌ಆರ್ ಆದ್ರೂ ಮನುಷ್ಯಳೇ
ನಾನು ಎಚ್‌ಆರ್‌ನಲ್ಲೇ ಇರೋದು, ಬೈಯೋ ಮುಂಚೆ ಪೂರ್ತಿ ಓದಿ. ಇಲ್ಲಿ ಎರಡು ಥರ ಇದೆ, ಜನ ಎರಡನ್ನೂ ಒಂದೇ ಅಂದ್ಕೋತಾರೆ. ಯಾರಿಗೂ, ಅಂದ್ರೆ ಯಾರಿಗೂ, ಬರೆದೋರು ಗೊತ್ತಾಗದೇ ಇರೋದು ಒಂದು. ವ್ಯವಸ್ಥೆಗೆ ಗೊತ್ತಿದ್ದು ನಿಮ್ಮ ಮ್ಯಾನೇಜರ್‌ಗೆ ತೋರಿಸದೇ ಇರೋದು ಇನ್ನೊಂದು. ದೊಡ್ಡ ಕಂಪನಿಗಳ ವಾರ್ಷಿಕ ಸರ್ವೆ ಬಹುಪಾಲು ಎರಡನೇ ಥರದ್ದು. ನಿಮಗೆ ಬರೋ ಲಿಂಕ್ ನಿಮಗೇ ಅಂತ ಮಾಡಿರೋದು, ಅದಕ್ಕೇ "ನೀವಿನ್ನೂ ತುಂಬಿಲ್ಲ" ಅಂತ ಜ್ಞಾಪಕ ಮಾಡೋ ಮೇಲ್ ಬರೋದು. ಮೋಸ ಅಂತಲ್ಲ, ಆದ್ರೆ ಅದನ್ನ ಮೊದಲೇ ಬಿಡಿಸಿ ಹೇಳದೇ ಇದ್ರೆ ಮೋಸಾನೇ.

ಇನ್ನು ಮಿತಿ. ಸಾಮಾನ್ಯವಾಗಿ ಒಂದು ಗುಂಪಲ್ಲಿ 5ಕ್ಕಿಂತ ಕಮ್ಮಿ ಉತ್ತರ ಬಂದ್ರೆ ಆ ಗುಂಪಿನ ಫಲಿತಾಂಶ ತೋರಿಸಬಾರದು ಅಂತ ಇಟ್ಟಿರ್ತಾರೆ. ಅದನ್ನೂ ಒಡೀಬಹುದು. ಒಂಬತ್ತು ಜನರ ಟೀಮ್, "ಮ್ಯಾನೇಜರ್ ಹತ್ರ ತಪ್ಪು ಒಪ್ಕೊಳ್ಳೋಕೆ ಭಯ ಇಲ್ಲ" ಅನ್ನೋದಕ್ಕೆ 5ಕ್ಕೆ ಸರಾಸರಿ 3 ಅಂತ ಬಂತು, ಒಟ್ಟು 27. ಗಂಡಸರು ಅಂತ ಫಿಲ್ಟರ್ ಹಾಕಿದ್ರೆ ಆರು ಜನ, ಸರಾಸರಿ 3.5, ಒಟ್ಟು 21. ಹೆಂಗಸರು ಮೂರೇ ಜನ ಅಂತ ಅವರದ್ದು ತೋರಿಸ್ಲಿಲ್ಲ, ಸರಿ, ಆದ್ರೆ 27ರಲ್ಲಿ 21 ಕಳೆದ್ರೆ 6, ಮೂರು ಜನಕ್ಕೆ ತಲಾ 2. ಕ್ಯಾಲ್ಕುಲೇಟರ್ ಕೂಡ ಬೇಡ. ಸಣ್ಣ ಟೀಮಲ್ಲಿ ಲಿಂಗ, ಅನುಭವ, ಊರು ಅಂತೆಲ್ಲ ಕೇಳೋ ಫಾರ್ಮ್ ಕಂಡ್ರೆ ಹುಷಾರು.

ನೇರ ಮಾತು ನಾಗರಾಜ
ಇಷ್ಟೆಲ್ಲ ಕಳ್ಳಾಟ ಯಾಕೆ ಸ್ವಾಮಿ. ಹೇಳೋದಿದ್ರೆ ಮುಖ ನೋಡಿ ಹೇಳ್ಬೇಕು. ಹೆಸರು ಹಾಕೋ ಯೋಗ್ಯತೆ ಇಲ್ದಿದ್ರೆ ದೂರೂ ಹೇಳ್ಬಾರ್ದು. ನಾನು ಮ್ಯಾನೇಜರ್ ಆಗಿದ್ದಾಗ ಈ ಥರ ಫಾರ್ಮಲ್ಲಿ ಬಂದಿದ್ದೆಲ್ಲ ವೈಯಕ್ತಿಕ ಬೈಗುಳ, ನನ್ನ ಶರ್ಟ್ ಬಗ್ಗೆ ಕೂಡ ಬರೆದಿದ್ರು.

ಮೂಲೆ ಸೀಟು
ಶರ್ಟ್ ಹೇಗಿತ್ತು ಅಂತ ಫೋಟೋ ಹಾಕಿ ಸರ್, ಆಮೇಲೆ ತೀರ್ಮಾನ ಮಾಡೋಣ

ಗಿರಿನಗರ ಗೃಹಸಾಲ
@ನೇರ ಮಾತು, ನೀವು ಹೇಳೋದು ಕೇಳೋಕೆ ಚೆನ್ನಾಗಿದೆ. ಆದ್ರೆ ನನಗೆ ತಿಂಗಳಿಗೆ ಇಎಂಐ ಇದೆ, ಅಪ್ಪನ ಡಯಾಲಿಸಿಸ್ ಕಂಪನಿ ಇನ್ಶೂರೆನ್ಸಲ್ಲಿ ನಡೀತಿದೆ. ನೋಟಿಸ್ ಪೀರಿಯಡ್ ಮೂರು ತಿಂಗಳು, ಅಲ್ಲೀವರೆಗೂ ಅದೇ ಮ್ಯಾನೇಜರ್ ಮುಖ ನೋಡ್ಬೇಕು, ರಿಲೀವಿಂಗ್ ಲೆಟರ್ ಅವರ ಕೈಯಲ್ಲೇ. ಮುಖ ನೋಡಿ ಹೇಳೋಕೆ ಬೇಕಾಗಿರೋದು ಯೋಗ್ಯತೆ ಅಲ್ಲ, ಆರು ತಿಂಗಳ ಸಂಬಳ ಬ್ಯಾಂಕಲ್ಲಿ.

ನೇರ ಮಾತು ನಾಗರಾಜ
ಸರಿ, ಆ ಪಾಯಿಂಟ್ ಒಪ್ಪಬಹುದು. ಆದ್ರೂ ಬೈಗುಳಕ್ಕೆ ಏನ್ ಮಾಡ್ತೀರ?

ಎಚ್‌ಆರ್ ಆದ್ರೂ ಮನುಷ್ಯಳೇ
ಪ್ರಶ್ನೆ ಸರಿ ಇದ್ರೆ ಬೈಗುಳ ಕಮ್ಮಿ ಆಗುತ್ತೆ. "ಮ್ಯಾನೇಜರ್ ಬಗ್ಗೆ ಅಭಿಪ್ರಾಯ" ಅಂತ ಖಾಲಿ ಡಬ್ಬ ಕೊಟ್ರೆ ಶರ್ಟೂ ಬರುತ್ತೆ, ಜಾತೀನೂ ಬರುತ್ತೆ. "ಕಳೆದ ಎರಡು ವಾರದಲ್ಲಿ ಹೇಳ್ಬೇಕು ಅನ್ಸಿ ಹೇಳದೇ ಉಳಿದ ಒಂದು ವಿಷಯ ಯಾವ್ದು" ಅಂತ ಕೇಳಿ ನೋಡಿ, ಬೇರೆ ಥರ ಉತ್ತರ ಬರುತ್ತೆ.

ಅಂಚೆ ಮುದ್ರೆ
ನಾನು ಸರ್ಕಾರಿ ಇಲಾಖೆಯೊಂದರಲ್ಲಿ ಇದ್ದು ನಿವೃತ್ತನಾದವನು. ನಿಮ್ಮ ಕಂಪನಿಗಳು ಇದನ್ನ ಹೊಸದು ಅನ್ನೋ ಹಾಗೆ ಮಾತಾಡ್ತಿದ್ದೀರಿ, ನಮ್ಮಲ್ಲಿ ಮೂಗರ್ಜಿ ಅಂತ ತಲತಲಾಂತರದಿಂದ ಇದೆ. ಮೂಗರ್ಜಿ ಬಂದರೆ ಸಾಹೇಬರು ಮೊದಲು ನೋಡ್ತಿದ್ದದ್ದು ಒಳಗಿನ ವಿಷಯ ಅಲ್ಲ, ಲಕೋಟೆ ಮೇಲಿನ ಅಂಚೆ ಮುದ್ರೆ. ಯಾವ ಊರಲ್ಲಿ ಹಾಕಿದ್ದಾರೆ, ಆ ದಿನ ಯಾರು ರಜೆ. ಆಮೇಲೆ ಟೈಪ್‌ರೈಟರ್. ನಮ್ಮ ಕಚೇರಿಯ ಒಂದು ಮೆಷಿನ್‌ನಲ್ಲಿ ಒಂದು ಅಕ್ಷರ ಅರ್ಧ ಮಾತ್ರ ಬೀಳ್ತಿತ್ತು, ಅದು ಕಂಡರೆ ಸಾಕು, ಟೈಪಿಸ್ಟ್‌ಗೆ ಬುಲಾವ್. ವರ್ಗಾವಣೆ ಕಾಲಕ್ಕೆ, ಬಡ್ತಿ ಪಟ್ಟಿ ಹೊರಡೋ ಮುಂಚೆ ಮೂಗರ್ಜಿ ರಾಶಿ ಬೀಳ್ತಿದ್ದವು, ಹತ್ತರಲ್ಲಿ ಎಂಟು ದ್ವೇಷಕ್ಕೆ ಬರೆದದ್ದು ಅಂತ ನನ್ನ ಅನಿಸಿಕೆ. ಅದಕ್ಕೇ ಕೇಂದ್ರ ಜಾಗೃತ ಆಯೋಗ 1999ರಲ್ಲೇ ಹೆಸರಿಲ್ಲದ ದೂರಿನ ಮೇಲೆ ಕ್ರಮ ಬೇಡ ಅಂತ ಸುತ್ತೋಲೆ ಹೊರಡಿಸಿತು. ನಮ್ಮ ಲೋಕಾಯುಕ್ತಕ್ಕೆ ದೂರು ಕೊಡೋದಾದ್ರೂ ಪ್ರಮಾಣಪತ್ರ ಸಮೇತ ಕೊಡಬೇಕು.

ಧಾರವಾಡ ಫೇಡೆ
ಹತ್ತರಾಗ ಎಂಟು ದ್ವೇಷದ್ದು ಅಂತೀರಿ, ಉಳಿದ ಎರಡು ಖರೇ ಇರ್ತಾವಲ್ರಿ ಕಾಕಾ? ಅವನ್ನ ಯಾರು ನೋಡ್ಬೇಕು?

ಅಂಚೆ ಮುದ್ರೆ
ಒಳ್ಳೇ ಪ್ರಶ್ನೆ ತಮ್ಮಾ. ಹೆದ್ದಾರಿ ಯೋಜನೆಯ ಇಂಜಿನಿಯರ್ ಸತ್ಯೇಂದ್ರ ದುಬೆ ಅವರು ಅವ್ಯವಹಾರದ ಬಗ್ಗೆ ಪ್ರಧಾನಿ ಕಚೇರಿಗೆ ಪತ್ರ ಬರೆದರು, ಹೆಸರು ಗುಟ್ಟಾಗಿಡಿ ಅಂತ ಕೇಳಿಕೊಂಡಿದ್ದರು. ಪತ್ರ ಹೆಸರಿನ ಸಮೇತ ಮೇಜಿಂದ ಮೇಜಿಗೆ ಹೋಯ್ತು. 2003ರ ನವೆಂಬರ್‌ನಲ್ಲಿ ಗಯಾದಲ್ಲಿ ಅವರ ಕೊಲೆಯಾಯ್ತು. ದರೋಡೆಗೆ ಆದ ಕೊಲೆ ಅಂತ ಸಿಬಿಐ ಹೇಳಿತು, ಅದಿರಲಿ. ಆ ಗಲಾಟೆ ಆದಮೇಲೆ 2004ರಲ್ಲಿ ಬೇರೆ ಏರ್ಪಾಡು ಬಂತು: ಹೆಸರು ಬರೆದು ಮುಚ್ಚಿದ ಲಕೋಟೆಯಲ್ಲಿ ಆಯೋಗಕ್ಕೆ ಕೊಡಿ, ಹೆಸರನ್ನ ಆಯೋಗ ಹೊರಗೆ ಬಿಡಲ್ಲ, ವಿಷಯ ಮಾತ್ರ ಮುಂದಕ್ಕೆ ಹೋಗುತ್ತೆ. ಒಬ್ಬರಿಗೆ ಗೊತ್ತಿರಬೇಕು, ಉಳಿದವರಿಗೆ ಗೊತ್ತಿರಬಾರದು.

ರನ್‌ವೇ ಪಕ್ಕದ ಮನೆ
ಅಂಚೆ ಮುದ್ರೆ ಸರ್ ಹೇಳಿದ್ದು ನೋಡಿ ಬರೀಲೇಬೇಕು ಅನ್ನಿಸ್ತು, ನಾನು ವಿಮಾನ ಮೇಂಟೆನೆನ್ಸ್‌ನಲ್ಲಿ ಇರೋನು. ಅಮೆರಿಕದಲ್ಲಿ 1974ರ ಡಿಸೆಂಬರ್ 1ರಂದು ಟಿಡಬ್ಲ್ಯುಎ 514 ವಿಮಾನ ವಾಷಿಂಗ್ಟನ್ ಹತ್ರ ಬೆಟ್ಟಕ್ಕೆ ಬಡಿದು 92 ಜನ ಸತ್ರು. ಪೈಲಟ್‌ಗಳು ಕಂಟ್ರೋಲರ್ ಕೊಟ್ಟ ಅನುಮತಿಯನ್ನ ತಪ್ಪು ಅರ್ಥ ಮಾಡ್ಕೊಂಡು ಬೇಗ ಕೆಳಗಿಳಿದಿದ್ರು. ಆಮೇಲೆ ಗೊತ್ತಾಗಿದ್ದು ಏನಂದ್ರೆ, ಅದಕ್ಕೆ ಆರು ವಾರ ಮುಂಚೆ ಇನ್ನೊಂದು ಕಂಪನಿಯ ಪೈಲಟ್‌ಗಳು ಅದೇ ಜಾಗದಲ್ಲಿ ಅದೇ ತಪ್ಪು ಮಾಡಿ ಕೂದಲೆಳೆ ಅಂತರದಲ್ಲಿ ಬಚಾವಾಗಿದ್ರು, ಅವರ ಕಂಪನಿ ಒಳಗೆ ಹೇಳಿದ್ರು, ಆ ಕಂಪನಿ ತನ್ನ ಪೈಲಟ್‌ಗಳಿಗೆ ಎಚ್ಚರಿಕೆ ಕೊಡ್ತು. ಬೇರೆಯವರಿಗೆ ತಲುಪೋ ದಾರಿನೇ ಇರ್ಲಿಲ್ಲ.

ಆಗ ಅಲ್ಲಿನ ನಿಯಂತ್ರಕ ಸಂಸ್ಥೆ ಎಫ್‌ಎಎ "ನಮಗೆ ವರದಿ ಮಾಡಿ, ಶಿಕ್ಷೆ ಇಲ್ಲ" ಅಂತು. ಲೈಸೆನ್ಸ್ ಕಿತ್ಕೊಳ್ಳೋರ ಕೈಗೇ ತಪ್ಪೊಪ್ಪಿಗೆ ಕೊಡೋಕೆ ಯಾರಿಗೆ ಧೈರ್ಯ ಬರುತ್ತೆ? ಅದಕ್ಕೆ 1976ರಲ್ಲಿ ನಾಸಾ ಕೈಗೆ ಕೊಟ್ರು, ನಾಸಾಗೆ ಯಾರ ಲೈಸೆನ್ಸನ್ನೂ ಕಿತ್ಕೊಳ್ಳೋ ಅಧಿಕಾರ ಇಲ್ಲ. ಫಾರ್ಮ್ ಮೇಲೆ ಹೆಸರು ವಿಳಾಸ ಇರೋ ಒಂದು ಚೀಟಿ ಇರುತ್ತೆ. ವರದಿ ಓದಿದೋರು ಅನುಮಾನ ಇದ್ರೆ ಫೋನ್ ಮಾಡಿ ಕೇಳ್ತಾರೆ, ಮುಗಿದ ಮೇಲೆ ಆ ಚೀಟಿಗೆ ದಿನಾಂಕದ ಮುದ್ರೆ ಹಾಕಿ ಬರೆದೋರಿಗೇ ವಾಪಸ್ ಕಳಿಸ್ತಾರೆ. ಅದೇ ಅವರ ರಸೀದಿ. ಬೇಕಂತ ಮಾಡಿದ್ದಲ್ಲ, 10 ದಿನದೊಳಗೆ ವರದಿ ಮಾಡಿದ್ದಾರೆ ಅಂದ್ರೆ ಸಾಮಾನ್ಯವಾಗಿ ದಂಡ ಮಾಫಿ, ಅಪರಾಧ ಅಥವಾ ಅಪಘಾತ ಆಗಿದ್ರೆ ಈ ರಕ್ಷಣೆ ಇಲ್ಲ.

ಬಸ್‌ಪಾಸ್ ಅವರ ಫಾರ್ಮ್‌ನ ತೊಂದ್ರೆ ಇದೇ. ಶೀಟ್ ಯಾರ ಬಗ್ಗೆ ದೂರೋ ಅವರ ಕೈಲೇ ಇದೆ.

ಕೋಡ್ ಕಟ್ಟೆ
ಸೂಪರ್. ಇದನ್ನ ಸೇವ್ ಮಾಡ್ಕೊಂಡೆ.

ಕುಡ್ಲದ ನೈಟ್ ಡ್ಯೂಟಿ
ನಾನು ಮಂಗಳೂರಲ್ಲಿ ನರ್ಸ್. ನಮ್ಮಲ್ಲಿ ಇದಕ್ಕೆ ಇನ್ಸಿಡೆಂಟ್ ಫಾರ್ಮ್ ಅಂತ ಉಂಟು. ನೈಟ್ ಡ್ಯೂಟೀಲಿ ಒಮ್ಮೆ ಟ್ರೇಯಲ್ಲಿ ಪೊಟ್ಯಾಸಿಯಮ್ ಕ್ಲೋರೈಡ್ ಆಂಪೂಲ್ (ಇಂಜೆಕ್ಷನ್ ಮದ್ದಿನ ಸಣ್ಣ ಬಾಟಲಿ) ಬೇರೆ ಆಂಪೂಲ್‌ಗಳ ಜೊತೆ ಸೇರಿ ಹೋಗಿತ್ತು, ಒಂದೇ ಸೈಜು, ನೀಲಿ ಅಕ್ಷರ. ಜೊತೆಯ ಹುಡುಗಿ ಸಿರಿಂಜಿಗೆ ಎಳೆಯುವ ಮುಂಚೆ ಲೇಬಲ್ ಇನ್ನೊಮ್ಮೆ ಓದಿದಳು, ಬಚಾವ್. ಅದನ್ನು ಹಾಗೇ ರಕ್ತನಾಳಕ್ಕೆ ಕೊಟ್ಟರೆ ಹೃದಯ ನಿಲ್ತದೆ ಮಾರಾಯ್ರೆ. ಏನೂ ಆಗಲಿಲ್ಲವಲ್ಲ, ಬರೆಯುವುದಾ ಬೇಡವಾ ಅಂತ ಅವಳಿಗೆ ಹೆದರಿಕೆ. ಆಗಿನ ಇನ್‌ಚಾರ್ಜ್ ಸಿಸ್ಟರ್ ಹೇಗೆ ಅಂದ್ರೆ, ಅಂಥ ಫಾರ್ಮ್ ಬಂದರೆ ಮೊದಲು ಕೇಳುವುದು "ಟ್ರೇ ಯಾರು ತುಂಬಿಸಿದ್ದು" ಅಲ್ಲ, "ಎಲ್ಲಿ ಇಟ್ಟಿದ್ರು" ಅಂತ. ಮರುದಿನವೇ ಆ ಆಂಪೂಲ್‌ಗೆ ಬೇರೆ ಬೀಗದ ಡಬ್ಬ, ಕೆಂಪು ಸ್ಟಿಕ್ಕರ್ ಬಂತು. ಆಮೇಲೆ ಫಾರ್ಮ್‌ಗಳು ತಾನಾಗಿ ಬಂದವು, ಹೆಸರು ಹಾಕಿಯೇ. ಅವರು ಹೋಗಿ ಬೇರೆಯವರು ಬಂದರು, ಮೀಟಿಂಗಲ್ಲಿ ಫಾರ್ಮ್ ಹಿಡಿದು "ಇದು ಯಾರ ಬುದ್ಧಿವಂತಿಕೆ" ಅಂದರು. ಪೆಟ್ಟಿಗೆ ಅಲ್ಲೇ ಉಂಟು, ಈಗ ಅದರಲ್ಲಿ ಏನೂ ಬೀಳುವುದಿಲ್ಲ.

ಗಿರಿನಗರ ಗೃಹಸಾಲ
ಹಾರ್ವರ್ಡ್ ಪ್ರೊಫೆಸರ್ ಏಮಿ ಎಡ್ಮಂಡ್‌ಸನ್ ಸಂಶೋಧನೆ ನೆನಪಾಯ್ತು. ಆಸ್ಪತ್ರೆ ವಾರ್ಡ್‌ಗಳಲ್ಲಿ ಒಳ್ಳೇ ತಂಡ ಇದ್ದ ಕಡೆ ಔಷಧಿ ತಪ್ಪು ಕಮ್ಮಿ ಇರುತ್ತೆ ಅಂದ್ಕೊಂಡು ಹೋದ್ರು, ಲೆಕ್ಕದಲ್ಲಿ ಉಲ್ಟಾ, ಒಳ್ಳೇ ತಂಡಗಳಲ್ಲೇ ತಪ್ಪು ಜಾಸ್ತಿ. ಆಮೇಲೆ ಹೊಳೆದಿದ್ದು, ಅವರು ತಪ್ಪು ಜಾಸ್ತಿ ಮಾಡ್ತಿಲ್ಲ, ಮುಚ್ಚಿಡದೆ ಹೇಳ್ತಿದ್ದಾರೆ ಅಂತ. 1999ರ ಅವರ ಪ್ರಬಂಧದಿಂದಲೇ "ಸೈಕಲಾಜಿಕಲ್ ಸೇಫ್ಟಿ", ಅಂದ್ರೆ ತಪ್ಪು ಒಪ್ಕೊಂಡ್ರೂ ಪ್ರಶ್ನೆ ಕೇಳಿದ್ರೂ ತೊಂದ್ರೆ ಆಗಲ್ಲ ಅನ್ನೋ ನಂಬಿಕೆ, ಅನ್ನೋದು ಮ್ಯಾನೇಜ್‌ಮೆಂಟ್‌ನವರ ಬಾಯಿಗೆ ಬಿದ್ದಿದ್ದು. ಗೂಗಲ್‌ನೋರು 180 ತಂಡ ನೋಡಿ ಒಳ್ಳೇ ತಂಡಕ್ಕೆ ಬೇಕಾಗಿರೋದ್ರಲ್ಲಿ ಇದೇ ಮೊದಲನೇದು ಅಂದ್ಮೇಲೆ ಎಲ್ಲಾ ಕಂಪನಿ ಪಿಪಿಟಿಲೂ ಬಂತು.

ಮೂಲೆ ಸೀಟು
ನಮ್ಮ ಕಂಪನಿ ಪಿಪಿಟಿಲೂ ಇದೆ. ಅದೇ ಮೀಟಿಂಗಲ್ಲಿ ಒಬ್ಬ ಪ್ರಶ್ನೆ ಕೇಳಿದ್ದಕ್ಕೆ "ಲೆಟ್ಸ್ ಟೇಕ್ ಇಟ್ ಆಫ್‌ಲೈನ್".

ಬಿಡದಿ ಲೈನ್
ಕಾರ್ ಬಿಡಿಭಾಗ ಮಾಡೋ ಕಾರ್ಖಾನೇಲಿ ಇದ್ದೆ. ಟೊಯೋಟಾದವರ ಪದ್ಧತಿ ನೋಡಿ ನಮ್ಮಲ್ಲೂ ಹಗ್ಗ ಹಾಕಿದ್ರು, ತೊಂದ್ರೆ ಕಂಡೋನು ಎಳೀಬೇಕು, ಹಾಡು ಬರುತ್ತೆ, ಬೋರ್ಡ್ ಮೇಲೆ ಸ್ಟೇಷನ್ ನಂಬರ್ ಹತ್ಕೊಳ್ಳುತ್ತೆ. ಇದ್ರಲ್ಲಿ ಗುಟ್ಟು ಏನಿಲ್ಲ, ಇಡೀ ಶಾಪಿಗೆ ಗೊತ್ತಾಗುತ್ತೆ ಎಳೆದೋನು ಯಾರು ಅಂತ. ಆದ್ರೂ ಪರ್ಮನೆಂಟ್ ಹುಡುಗರು ಎಳೀತಿದ್ರು, ಕಾಂಟ್ರಾಕ್ಟ್ ಹುಡುಗರು ಎಳೀತಿರ್ಲಿಲ್ಲ. ಅದೇ ಹಗ್ಗ, ಅದೇ ಲೀಡರು. ಅವರ ಗೇಟ್‌ಪಾಸ್ ತಿಂಗಳು ತಿಂಗಳು ರಿನ್ಯೂ ಆಗ್ಬೇಕಿತ್ತು ಅಷ್ಟೇ. ಫೀಡ್‌ಬ್ಯಾಕು ಸೇಫ್ಟಿ ಅಂತ ಮಾತಾಡೋರು ಇದನ್ನ ಯಾಕೆ ಹೇಳಲ್ಲ?

ಧಾರವಾಡ ಫೇಡೆ
ಇದು ಮಾತಂದ್ರ 👏

ಪದ್ಮನಾಭನಗರದವಳು
ಒಂದು ವಿಷಯ ಇಲ್ಲಿ ಯಾರೂ ಎತ್ತಿಲ್ಲ. ನಮ್ಮ ಆಫೀಸಲ್ಲಿ ಅನಾಮಧೇಯ ಪೋರ್ಟಲ್‌ನಲ್ಲಿ ಒಬ್ಬ ಹುಡುಗಿ ಒಬ್ಬ ಸೀನಿಯರ್ ಬಗ್ಗೆ ಬರೆದಳು, ಲೈಂಗಿಕ ಕಿರುಕುಳ. "ಸ್ವೀಕರಿಸಲಾಗಿದೆ" ಅಂತ ಆಟೋ ರಿಪ್ಲೈ ಬಂತು. ಏನೋ ನಡೀತಿದೆ ಅಂತ ಕಾದಳು. ಏನೂ ನಡೀತಿರ್ಲಿಲ್ಲ. 2013ರ ಕಾಯ್ದೆ ಪ್ರಕಾರ ದೂರು ಲಿಖಿತವಾಗಿ ಆಂತರಿಕ ಸಮಿತಿಗೇ ಹೋಗ್ಬೇಕು, ಘಟನೆ ಆಗಿ ಮೂರು ತಿಂಗಳೊಳಗೆ, ಕಾರಣ ಇದ್ರೆ ಸಮಿತಿ ಇನ್ನು ಮೂರು ತಿಂಗಳು ಹೆಚ್ಚಿಸಬಹುದು. ಬರೆಯೋಕೆ ಆಗದಿದ್ರೆ ಸಮಿತಿಯವರೇ ಸಹಾಯ ಮಾಡ್ಬೇಕು. ದೂರಿನ ಪ್ರತಿ ಎದುರಿನವರಿಗೂ ಹೋಗುತ್ತೆ, ಹಾಗಾಗಿ ಅವನಿಂದ ಹೆಸರು ಮುಚ್ಚಿಡೋಕೆ ಆಗಲ್ಲ, ಆದ್ರೆ ಹೊರಗೆ ಯಾರಿಗೂ ಹೆಸರು ಬಿಟ್ಟುಕೊಡೋ ಹಾಗಿಲ್ಲ ಅಂತ ಕಾನೂನಲ್ಲೇ ಇದೆ. ಪೋರ್ಟಲ್ ಮಾಡಿದೋರು ಇದನ್ನ ಮೊದಲ ಪುಟದಲ್ಲೇ ಬರೀಬೇಕಿತ್ತು. ಅವಳಿಗೆ ಗೊತ್ತಾಗೋ ಹೊತ್ತಿಗೆ ಅರ್ಧ ಗಡುವು ಮುಗಿದಿತ್ತು.

ಎಚ್‌ಆರ್ ಆದ್ರೂ ಮನುಷ್ಯಳೇ
ನೂರಕ್ಕೆ ನೂರು. 10 ಅಥವಾ ಅದಕ್ಕಿಂತ ಜಾಸ್ತಿ ಜನ ಇರೋ ಕಡೆ ಸಮಿತಿ ಇರಲೇಬೇಕು, ಸದಸ್ಯರ ಹೆಸರು ನೋಟಿಸ್ ಬೋರ್ಡ್ ಮೇಲೆ ಇರ್ಬೇಕು. ಇಂಥ ವಿಷಯ ಫಾರ್ಮಲ್ಲಿ ಬಂದ್ರೆ ಓದಿದೋರು ಸುಮ್ನೆ ಕೂರ್ಬಾರ್ದು, ಕೊನೇಪಕ್ಷ ಇಡೀ ಟೀಮ್‌ಗೆ ಸಮಿತಿ ಎಲ್ಲಿದೆ ಹೇಗೆ ಹೋಗ್ಬೇಕು ಅಂತ ಮೇಲ್ ಹಾಕ್ಬೇಕು.

ಸ್ಟುಟ್‌ಗಾರ್ಟ್ ಸಾರು
ಜರ್ಮನಿಯಿಂದ. ಇಲ್ಲಿ ದೊಡ್ಡ ಕಂಪನಿಗಳಲ್ಲಿ ಸಾಮಾನ್ಯವಾಗಿ ನೌಕರರು ಆರಿಸಿದ ಬೆಟ್ರೀಬ್ಸ್‌ರಾಟ್ ಅಂತ ಮಂಡಳಿ ಇರುತ್ತೆ, ಸಿಬ್ಬಂದಿ ಬಗ್ಗೆ ಮಾಹಿತಿ ಕೇಳೋ ಪ್ರಶ್ನಾವಳಿಗೆ ಅವರ ಒಪ್ಪಿಗೆ ಬೇಕು. ನಮ್ಮ ಕಂಪನೀಲಿ ಸರ್ವೆ ಪ್ರಶ್ನೆಗಳನ್ನ ಅವರು ಒಂದೊಂದಾಗಿ ನೋಡಿ ಎರಡನ್ನ ಹೊಡೆದು ಹಾಕಿದ್ರು. ಆದ್ರೂ ಇಲ್ಲಿರೋ ಇಂಡಿಯನ್ಸ್ ಯಾರೂ ಏನೂ ಬರೆಯಲ್ಲ, ವೀಸಾ ಭಯ 😅 ಇರ್ಲಿ, ಅಲ್ಲಿ ಟೀ ಅಂಗಡೀಲಿ ಟೀ ಈಗ ಎಷ್ಟು?

ಮೂಲೆ ಸೀಟು
ಬೆಳ್ಳಂದೂರಲ್ಲಿ 20. ಲೋಟ ಹೆಬ್ಬೆರಳಷ್ಟು.

ನೇರ ಮಾತು ನಾಗರಾಜ
ಜಯನಗರದಲ್ಲಿ 15ಕ್ಕೆ ಇದಕ್ಕಿಂತ ಚೆನ್ನಾಗಿ ಕೊಡ್ತಾರೆ.

ನಿರ್ವಾಹಕ
ಟೀ ಬಗ್ಗೆ ಬೇರೆ ಚರ್ಚೆ ಶುರು ಮಾಡಿ ದಯವಿಟ್ಟು.

ಬೆಳ್ಳಂದೂರು ಬಸ್‌ಪಾಸ್
ಎಲ್ರಿಗೂ ಥ್ಯಾಂಕ್ಸ್. ಅಪ್‌ಡೇಟ್. ಇವತ್ತು ಮ್ಯಾನೇಜರ್‌ಗೆ ಹೇಳ್ದೆ, "ಯಾರು ಅಂತ ಫಾರ್ಮಲ್ಲಿ ಬರಲ್ಲ ಸರ್, ಬಂದಿದ್ರೂ ನಾನು ಹೇಳ್ತಿರ್ಲಿಲ್ಲ, ಹೇಳಿದ್ರೆ ಮುಂದಿನ ಬಗ್ ನಮಗೆ ಕ್ಲೈಂಟೇ ಹೇಳ್ಬೇಕಾಗುತ್ತೆ." ಮುಖ ಗಂಟು ಹಾಕ್ಕೊಂಡ್ರು. ಶೀಟ್ ಶೇರಿಂಗ್ ತೆಗೆದಿದ್ದೀನಿ, ಇನ್ಮೇಲೆ ಪಕ್ಕದ ಟೀಮ್‌ನ ಲೀಡ್ ನಮ್ಮ ಉತ್ತರ ಓದಿ ಬೇರೆ ಮಾತಲ್ಲಿ ಬರೆದು ಕೊಡ್ತಾರೆ, ಅವರ ಟೀಮಿಂದು ನಾನು. ಟೈಮ್‌ಸ್ಟ್ಯಾಂಪ್, ಮೂರು ಚುಕ್ಕಿ, ಕೈಂಡ್ಲಿ ಎಲ್ಲಾ ಅಲ್ಲೇ ಉದುರುತ್ತೆ. ಶನಿವಾರದ ವಿಷಯಕ್ಕೆ, ಮುಂದಿನ ರಿಲೀಸ್ ಡೇಟ್ ಟೀಮ್ ಎಸ್ಟಿಮೇಟ್ ಬಂದ ಮೇಲೇ ಕ್ಲೈಂಟ್‌ಗೆ ಹೇಳೋಣ ಅಂದೆ. "ನೋಡೋಣ" ಅಂದ್ರು.

ಗಿರಿನಗರ ಗೃಹಸಾಲ
ಆ "ನೋಡೋಣ"ವನ್ನ ಮೇಲ್‌ನಲ್ಲಿ ಹಾಕಿಸ್ಕೊಳ್ಳಿ. ಆಮೇಲೆ ಟೀಮ್‌ಗೂ ಹೇಳಿ, ಇದು ಬಂದಿತ್ತು, ಇಷ್ಟು ಮಾಡಿದ್ವಿ, ಇದು ಆಗ್ಲಿಲ್ಲ, ಯಾಕೆ ಆಗ್ಲಿಲ್ಲ ಅಂತ. ಆಗದೇ ಇದ್ದಿದ್ದನ್ನ ಹೇಳೋದೇ ಮುಖ್ಯ, ಇಲ್ದಿದ್ರೆ ಮುಂದಿನ ಸಲ ಫಾರ್ಮ್ ಖಾಲಿ.

ಬಿಡದಿ ಲೈನ್
ನಿಮ್ಮ ಒಂಬತ್ತು ಜನರಲ್ಲಿ ಕಾಂಟ್ರಾಕ್ಟ್‌ನೋರು ಎಷ್ಟು?

ಬೆಳ್ಳಂದೂರು ಬಸ್‌ಪಾಸ್
ಮೂರು ಜನ. ಅವರಿಗೆ ಕಂಪನಿ ಇಮೇಲ್ ಇಲ್ಲ, ಫಾರ್ಮ್ ಲಿಂಕ್ ಹೋಗಿದ್ದು ಕಂಪನಿ ಐಡಿಗೆ ಮಾತ್ರ. ಈಗ ನೀವು ಕೇಳಿದ್ಮೇಲೆ ನೋಡ್ದೆ, ಬಂದಿರೋದು ಆರೇ ಉತ್ತರ.

ಬಿಡದಿ ಲೈನ್
ಹಾಗಾದ್ರೆ ಸೋಮವಾರ ಮೊದಲು ಆ ಮೂರು ಜನಕ್ಕೆ ಲಿಂಕ್ ಕಳ್ಸಿ. ವಾಟ್ಸಾಪ್‌ನಲ್ಲಿ ಕಳಿಸ್ಬೇಡಿ, ಏಜೆನ್ಸಿಯವನೂ ಆ ಗ್ರೂಪಲ್ಲಿ ಇರ್ತಾನೆ.